ಸೌತ್ ಎಂಡ್ ದಾಟಿ

"ಸೌತ್ ಎಂಡ್ ಸರ್ಕಲ್ ಅಂತಾರಲ್ರೀ, ಅದು ಯಾವುದರ ಎಂಡ್ ಅದ?"

ಹಸಿರು ಮಾರ್ಗದ ಮೆಟ್ರೊ ಆ ನಿಲ್ದಾಣ ಬಿಟ್ಟು ಹೊರಡುವಾಗ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಕೇಳಿದಳು. ಕಲಬುರಗಿಯವಳು, ನನ್ನ ಮಗಳ ಸಹೋದ್ಯೋಗಿ. ಬಿಟಿಎಂ ಲೇಔಟಿನ ತಾವರೆಕೆರೆಯಲ್ಲಿ ಪಿ.ಜಿ.ಯಲ್ಲಿದ್ದಾಳೆ. ಬೆಂಗಳೂರಿಗೆ ಬಂದು ಎರಡು ವರ್ಷ. ವಿಧಾನಸೌಧ, ಕಬ್ಬನ್ ಪಾರ್ಕು, ಟಿಪ್ಪುವಿನ ಅರಮನೆ, ಬಸವನಗುಡಿಯ ದೊಡ್ಡ ಬಸವಣ್ಣ ಎಲ್ಲ ನೋಡಿ ಮುಗಿದಿತ್ತು. ದಿನಾ ತಾನು ಓಡಾಡುವ ಈ ದಕ್ಷಿಣದ ಬಡಾವಣೆಗಳಲ್ಲಿ ನೋಡುವಂಥದ್ದು ಏನಿದೆ ಅಂತ ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ನಗರ ದರ್ಶನದ ಬಸ್ಸುಗಳೂ ಸಾಮಾನ್ಯವಾಗಿ ಬಸವನಗುಡಿಯ ಸುತ್ತಮುತ್ತಲಿಂದಲೇ ಹಿಂದಿರುಗುತ್ತವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಅಂದರೆ ಮನೆ, ಬಾಡಿಗೆ, ಸಿಗ್ನಲ್ಲು. ತೋರಿಸಲು ಏನಿದೆ ಎಂಬ ಭಾವ.

ನಾನು ಜಯನಗರದಲ್ಲಿ ಬೆಳೆದವನು. ಅವಳ ಪ್ರಶ್ನೆಗೆ ಒಂದು ಮಾತಿನ ಉತ್ತರ ನನ್ನಲ್ಲಿತ್ತು: ಒಂದು ಕಾಲಕ್ಕೆ ಬೆಂಗಳೂರು ಅಲ್ಲಿಗೆ ಮುಗಿಯುತ್ತಿತ್ತು. ಹೇಳಿದ ಮೇಲೆ ಅದು ಸಾಲದು ಅನ್ನಿಸಿತು. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗಿನ ಬಂಡೆಯ ಬಳಿ ಬಾ, ನಡೆದು ನೋಡೋಣ ಎಂದೆ. ಅವಳು ಗೆಳತಿಯರಿಬ್ಬರನ್ನು ಕರೆತಂದಳು, ಮಗಳು ಬಂದಳು, ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಸೇರಿಕೊಂಡರು. ಆರು ಜನರ ಆ ನಡಿಗೆಯ ಕಥೆ ಇದು. ನಗರಗಳನ್ನು ಅವುಗಳ ನಡುಮಧ್ಯದಿಂದ ತೋರಿಸುವುದು ರೂಢಿ. ನಾವು ಅಂಚುಗಳನ್ನು ಹುಡುಕಿಕೊಂಡು ಹೊರಟೆವು.

ಮೊದಲ ಅಂಚು ಬಂಡೆಯ ನೆತ್ತಿಯ ಮೇಲೇ ಇದೆ. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು ಇಲ್ಲಿ; ಉಳಿದವು ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ, ಮೇಖ್ರಿ ವೃತ್ತದ ಬಳಿ. 1537ರಲ್ಲಿ ಕಟ್ಟಿದ ಪೇಟೆಯಿಂದ ನೋಡಿದರೆ ಈ ಗೋಪುರ ಬಲು ದೂರದ ಕಾವಲು. ಊರು ಇಷ್ಟು ದೂರ ಬಂದೀತು ಎಂದುಕೊಂಡಿದ್ದೇ ಆ ಕಾಲಕ್ಕೆ ದೊಡ್ಡ ಧೈರ್ಯ. ಗೋಪುರದ ಬುಡದ ಬಂಡೆಯಾದರೋ ಸುಮಾರು 300 ಕೋಟಿ ವರ್ಷ ಹಳೆಯದು. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ದಕ್ಷಿಣ ಭಾರತದ ಈ ಜಾತಿಯ ಶಿಲೆಗೆ 1916ರಲ್ಲಿ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೆಳಗಿನ ವಾಕಿಂಗಿನವರು ಅದರ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದರು. ಹುಡುಗಿ ಚಪ್ಪಲಿ ಬಿಟ್ಟು ನಿಂತಳು. "ನಮ್ಮ ಕಡೆ ಕಲ್ಲು ಕರೀ, ಹಾಸು ಹಾಸು ಬರ್ತದ" ಎಂದಳು. ಹೌದು, ಅವಳ ಊರಿನದು ಶಹಾಬಾದ್ ಕಲ್ಲಿನ ಸೀಮೆ.

ಬಂಡೆಯಿಂದ ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಮರಗಳ ನೆತ್ತಿ, ಅದರ ಮೇಲೆ ನೀರಿನ ಟ್ಯಾಂಕುಗಳು, ಅದರಾಚೆ ಅಪಾರ್ಟ್‌ಮೆಂಟುಗಳು. 1951ರ ಜನಗಣತಿಯಲ್ಲಿ ಸುಮಾರು 7.8 ಲಕ್ಷ ಜನರಿದ್ದ ಬೆಂಗಳೂರು 2011ಕ್ಕೆ 84 ಲಕ್ಷ ದಾಟಿತ್ತು. ಅದಾದ ಮೇಲೆ ಜನಗಣತಿಯ ಲೆಕ್ಕವೇ ಪ್ರಕಟವಾಗಿಲ್ಲ, ಊರು ಮಾತ್ರ ಕಾಯಲಿಲ್ಲ.

ತೋಟ ದಾಟಿ ಹೊರಬಂದು ಅಶೋಕ ಸ್ತಂಭದ ಕಡೆ ನಡೆದೆವು. ನಾಲ್ಕು ಸಿಂಹಗಳನ್ನು ಹೊತ್ತ ಈ ಕಂಬದ ಸುತ್ತ ಈಗ ವಾಹನಗಳು ಗಾಣದೆತ್ತಿನಂತೆ ಸುತ್ತುತ್ತವೆ; ದಾಟಿ ಹತ್ತಿರ ಹೋಗಿ ಓದುವವರು ಕಡಿಮೆ. ಸ್ವತಂತ್ರ ಭಾರತದ ಕೊನೆಯ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ 1948ರಲ್ಲಿ ಜಯನಗರಕ್ಕೆ ನಾಂದಿ ಹಾಡಿದ್ದರ ಗುರುತು ಇದು. ಬಡಾವಣೆಗೆ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಹೆಸರು. ಒಂದು ಕಂಬದಲ್ಲಿ ಅಶೋಕ, ಒಬ್ಬ ಗವರ್ನರ್ ಜನರಲ್, ಒಬ್ಬ ಮಹಾರಾಜ. ಅರಸೊತ್ತಿಗೆ ಮುಗಿಯುತ್ತ ಗಣರಾಜ್ಯ ಇನ್ನೂ ಬಾರದ ಆ ನಡುಗಾಲ ಇಲ್ಲಿ ಕಲ್ಲಾಗಿ ನಿಂತಿದೆ. ಆ ಹೊತ್ತಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿ ಮೂರೇ ವರ್ಷ. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂದರೂ ಹಳಬರು ಬಹಳ ಕಾಲ "ಟ್ರಸ್ಟ್ ಬೋರ್ಡ್ ಸೈಟು" ಎಂದೇ ಹೇಳುತ್ತಿದ್ದರು.

ಅಲ್ಲಿಂದ ಸೌತ್ ಎಂಡ್ ವೃತ್ತಕ್ಕೆ ಸ್ವಲ್ಪವೇ ದೂರ. ಅಲ್ಲಿ ನಿಂತು ಅವಳ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು. ಗಾಳಿ ಬೆಳಕು ಆಡುವ ಹೊಸ ಬಡಾವಣೆ ಬೇಕೆಂದು ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಎದ್ದವು. ಆ ಬಸವನಗುಡಿಯ ತೆಂಕಣ ಕೊನೆಯ ರಸ್ತೆ ಸೌತ್ ಎಂಡ್ ರೋಡ್. ಅದರಾಚೆ ತೋಟ, ಕೆರೆ, ಹೊಲ. ಅಂಚು ಎಂದುಕೊಂಡ ಆ ಗೆರೆಯನ್ನು ಊರು ಐವತ್ತೇ ವರ್ಷದಲ್ಲಿ ದಾಟಿತು, ಹೆಸರು ಮಾತ್ರ ಇದ್ದಲ್ಲೇ ಉಳಿಯಿತು. 2025ರಲ್ಲಿ ರಾಮನಗರ ಜಿಲ್ಲೆಗೇ "ಬೆಂಗಳೂರು ದಕ್ಷಿಣ" ಎಂದು ಹೆಸರಿಟ್ಟ ಮೇಲಂತೂ ದಕ್ಷಿಣದ ಕೊನೆ ಎಲ್ಲಿ ಎಂದು ಹೇಳುವವರು ಯಾರು? ಮೇಷ್ಟ್ರು ವೃತ್ತದ ಬೋರ್ಡನ್ನೇ ನೋಡುತ್ತ, "ನಮ್ಮಪ್ಪ ಇಲ್ಲಿಂದ ಆಚೆಗೆ ರಾತ್ರಿ ಒಬ್ಬನೇ ಹೋಗಬೇಡ ಅಂತಿದ್ರು" ಎಂದರು.

ಆರ್.ವಿ. ರಸ್ತೆಯಲ್ಲಿ ದಕ್ಷಿಣಕ್ಕೆ ತಿರುಗಿದರೆ ತಲೆಯ ಮೇಲೆ ಮೆಟ್ರೊ. ಈ ರಸ್ತೆಯ ನಡುವೆ ಲಕ್ಷ್ಮಣ ರಾವ್ ಹೆಸರಿನ ಉದ್ದನೆಯ ಉದ್ಯಾನವಿತ್ತು. ಎರಡು ರಸ್ತೆಗಳ ನಡುವೆ ನೆರಳಿನ ಪಟ್ಟಿ. ಸಂಜೆ ಅಜ್ಜಂದಿರ ಕಟ್ಟೆ, ಬೆಳಿಗ್ಗೆ ಪರೀಕ್ಷೆಗೆ ಓದುವ ಮಕ್ಕಳ ಕೋಣೆ. 2009ರಲ್ಲಿ ಮೆಟ್ರೊ ಕಂಬಗಳಿಗಾಗಿ ಇಲ್ಲಿ ಮರ ಉರುಳಿದಾಗ ಜನ ಬೀದಿಗೆ ಬಂದರು. ರಾಜಕೀಯ ಗೊತ್ತಿಲ್ಲದ ಗೃಹಿಣಿಯರು, ಎಂಬತ್ತು ದಾಟಿದವರು ಮರ ತಬ್ಬಿ ನಿಂತರು. ಮರ ಉಳಿಯಲಿಲ್ಲ. 2017ರ ಜೂನ್ 17ರಂದು ಯಲಚೇನಹಳ್ಳಿಯವರೆಗೆ ಮಾರ್ಗ ಉದ್ಘಾಟನೆಯಾಯಿತು, 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬೆಳೆಯಿತು. ನಾನು ಆ ರೈಲನ್ನು ವಾರಕ್ಕೆ ನಾಲ್ಕು ಬಾರಿ ಹತ್ತುತ್ತೇನೆ. ಅದು ಬೇಕಿತ್ತು. ಆ ನೆರಳೂ ಬೇಕಿತ್ತು. ಎರಡನ್ನೂ ಉಳಿಸಿಕೊಳ್ಳುವ ದಾರಿಯನ್ನು ಕುಳಿತು ಹುಡುಕುವಷ್ಟು ತಾಳ್ಮೆ ನಮಗಿರಲಿಲ್ಲ ಎಂಬ ನೋವು ಈಗಲೂ ಆ ಕಂಬಗಳ ಕೆಳಗೆ ನಡೆಯುವಾಗ ಬರುತ್ತದೆ.

ಉಳಿದ ಮರಗಳೇ ಜಯನಗರದ ದೊಡ್ಡ ಆಸ್ತಿ. ಒಂದು ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಬೀದಿಮರಗಳನ್ನು ಆರಿಸುವ ಪಾಠವನ್ನು ಲಾಲ್‌ಬಾಗಿನ ಜರ್ಮನ್ ತೋಟಗಾರ ಕ್ರುಂಬಿಗಲ್ ಕಲಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ನಗರದುದ್ದಕ್ಕೂ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಮನೆಮನೆಯವರನ್ನು ಒಪ್ಪಿಸಿ, ಸಸಿಗೆ ಬೇಲಿ ಕಟ್ಟಿಸಿ ಬೆಳೆಸಿದ ಕೆಲಸ ಅದು. ಇವತ್ತು ಫೆಬ್ರುವರಿಯಲ್ಲಿ ಜನ ನಿಂತು ಫೋಟೊ ತೆಗೆಯುವ ಟಬೆಬುಯಾ, ಏಪ್ರಿಲಿನ ಗುಲ್‌ಮೊಹರ್, ಜಕರಾಂಡಾ ಯಾವುದೂ ತಾನಾಗಿ ಹುಟ್ಟಿದ್ದಲ್ಲ. ನೇಗಿನಹಾಳರ ಹೆಸರು ಜಯನಗರದ ಒಂದು ಅಡ್ಡರಸ್ತೆಗಾದರೂ ಇರಬೇಕು ಎಂಬುದು ನನ್ನ ಆಸೆ.

ನಾಲ್ಕನೇ ಬ್ಲಾಕಿಗೆ ಬರುವಾಗ ಎಂಟೂವರೆ. ಹಸಿವು. ಇಲ್ಲಿ ನಿಂತು ತಿನ್ನುವುದೂ ನಗರ ದರ್ಶನದ ಭಾಗವೇ, ಏಕೆಂದರೆ ದರ್ಶಿನಿ ಎಂಬುದು ಹುಟ್ಟಿದ್ದು ಜಯನಗರದಲ್ಲಿ. 1983ರಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ಇಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಕುರ್ಚಿಯಿಲ್ಲ, ಸರ್ವರ್ ಇಲ್ಲ. ಅಡುಗೆಮನೆ ಎಲ್ಲರ ಕಣ್ಣೆದುರು. ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡು ನಿಂತೇ ತಿಂದು ಹೊರಡುವುದು. ಅದಕ್ಕೆ ಮೊದಲು ಹೋಟೆಲು ಎಂದರೆ ಕೂರುವುದು, ಕಾಯುವುದು, ಬಿಲ್ಲು ಬರುವುದು. ಪೀಣ್ಯಕ್ಕೋ ಶಿವಾಜಿನಗರಕ್ಕೋ ಬಸ್ಸು ಹಿಡಿಯುವ ನೌಕರನಿಗೆ ಅಷ್ಟು ಹೊತ್ತಿರಲಿಲ್ಲ, ಫುಟ್‌ಪಾತಿನ ಗಾಡಿಯಲ್ಲಿ ತಿನ್ನಲು ಹಿಂಜರಿಕೆ. ಇವೆರಡರ ನಡುವಿನ ಜಾಗವನ್ನು ದರ್ಶಿನಿ ತುಂಬಿತು. ಎತ್ತರದ ದುಂಡನೆಯ ಮೇಜಿನ ಸುತ್ತ ಗುರುತಿಲ್ಲದ ನಾಲ್ವರು ಭುಜ ತಾಗಿಸಿ ನಿಂತು ಒಂದೇ ಸಾಂಬಾರಿನ ಬಕೆಟ್ಟಿನಿಂದ ಬಡಿಸಿಕೊಂಡಾಗ, ಯಾರ ಜಾತಿ ಏನು, ಸಂಬಳ ಎಷ್ಟು ಎಂದು ಕೇಳುವ ಬಿಡುವಿರಲಿಲ್ಲ. ನನ್ನ ಅಜ್ಜಿ ಹೊರಗೆ ಮೊದಲ ಬಾರಿ ಇಡ್ಲಿ ತಿಂದಿದ್ದು ಇಂಥ ಮೇಜಿನ ಬಳಿಯಲ್ಲೇ. ಮಾಡುವುದು ಕಾಣುತ್ತದಲ್ಲ ಎಂಬುದು ಅವರ ಸಮಾಧಾನ. ಜಯನಗರ ಕರ್ನಾಟಕಕ್ಕೆ ಕೊಟ್ಟ ಕೊಡುಗೆಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಇಡುತ್ತೇನೆ. ಆರು ಜನಕ್ಕೆ ಮೂರು ಬೈಟು ಕಾಫಿ ಹೇಳಿದೆವು.

ಎದುರಿನ ಶಾಪಿಂಗ್ ಕಾಂಪ್ಲೆಕ್ಸ್ ನಮ್ಮ ಕಾಲದ ಅರಮನೆ. ಬಟ್ಟೆ, ಪಾತ್ರೆ, ತರಕಾರಿ, ಹೂವು ಎಲ್ಲ ಒಂದೇ ಸೂರಿನಡಿ. ಒಳಗಿದ್ದ ಪುಟ್ಟಣ್ಣ ಚಿತ್ರಮಂದಿರಕ್ಕೆ ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರು. ಅದು ಈಗಿಲ್ಲ. ಚಿತ್ರಮಂದಿರ ಹೋದಾಗ ಕಾಂಪ್ಲೆಕ್ಸಿಗೆ ಸಂಜೆಯ ಆಟ ಬಿಟ್ಟ ಮೇಲಿನ ಆ ಗಲಗಲ ಹೋಯಿತು. ಹೊಸ ಕಟ್ಟಡ ಎಷ್ಟು ಎತ್ತರ ಬಂದರೂ ಆ ಸದ್ದು ಮರಳಿ ಬಂದಿಲ್ಲ.

ಇಲ್ಲಿಂದ ಮುಂದಕ್ಕೆ ನಡಿಗೆಯ ಗುಟ್ಟೊಂದನ್ನು ಎಲ್ಲರಿಗೂ ಹೇಳಿದೆ. ಬಡಾವಣೆಯ ರಸ್ತೆಗಳು ನೇರ. ಮೇನು ಉದ್ದಕ್ಕೆ, ಕ್ರಾಸು ಅಡ್ಡಕ್ಕೆ. ನಡೆಯುತ್ತ ನಡೆಯುತ್ತ ರಸ್ತೆ ಎಲ್ಲಿ ಡೊಂಕಾಗುತ್ತದೋ, ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕಾಗುತ್ತದೋ, ಅಲ್ಲಿ ಹಳ್ಳಿಯಿದೆ ಎಂದು ತಿಳಿಯಬೇಕು. ಹೊಲ ತೋಟಗಳನ್ನು ಸರ್ಕಾರ ಸ್ವಾಧೀನಕ್ಕೆ ತೆಗೆದುಕೊಂಡಾಗಲೂ ಮನೆಗಳಿದ್ದ ಗ್ರಾಮಠಾಣವನ್ನು ಸಾಮಾನ್ಯವಾಗಿ ಬಿಟ್ಟಿತು. ನಕ್ಷೆಯ ಚೌಕಗಳ ನಡುವೆ ಆ ತುಣುಕುಗಳು ಇದ್ದ ಹಾಗೇ ಉಳಿದವು. ಯಡಿಯೂರು, ಬೈರಸಂದ್ರ, ಕನಕನಪಾಳ್ಯ, ಸಿದ್ಧಾಪುರ, ಮಾರೇನಹಳ್ಳಿ, ಗುರಪ್ಪನಪಾಳ್ಯ, ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ: ಇವು ಬಡಾವಣೆಗಳ ಒಳಗಿನ ಊರುಗಳು. ಸಾಲುಸಾಲಾಗಿ ಬ್ಲಾಕು, ಫೇಸು, ಸ್ಟೇಜು ಎಂದು ಎಣಿಕೆ ಹಾಕುವ ಸರ್ಕಾರಿ ಹೆಸರುಗಳಿಗಿಂತ ಎಷ್ಟು ಮೊದಲಿನವು!

ಮಾರೇನಹಳ್ಳಿ ಕಡೆ ಹುಡುಗಿಯರೇ ಮುಂದೆ ನಡೆದರು. "ಇಲ್ಲಿ ಡೊಂಕಾಯ್ತು!" ಎಂದು ಒಬ್ಬಳು ಕೂಗಿದಳು. ತಿರುವಿನಾಚೆ ಬೀದಿ ಕಿರಿದಾಯಿತು. ಅರಳಿಕಟ್ಟೆ, ಅದರ ಬುಡದಲ್ಲಿ ಅರಿಶಿನ ಕುಂಕುಮದ ನಾಗರಕಲ್ಲುಗಳು, ಎದುರಿಗೆ ಅಮ್ಮನ ಗುಡಿ. ಮೂರಂತಸ್ತಿನ ಬಾಡಿಗೆ ಮನೆಗಳ ಸಂದಿಯಲ್ಲಿ ಹೆಂಚಿನ ಮನೆಯೊಂದು, ಅದರ ಜಗಲಿಯ ಮೇಲೆ ಕುಳಿತ ಅಜ್ಜಿ ಸೊಪ್ಪು ಸೋಸುತ್ತಿದ್ದರು. ನಾವು ನಿಂತದ್ದನ್ನು ನೋಡಿ ಮನೆ ಹುಡುಕುತ್ತಿದ್ದೀರಾ ಎಂದು ಕೇಳಿದರು. ಇಲ್ಲಮ್ಮ, ಊರು ನೋಡಲು ಬಂದೆವು ಎಂದಾಗ ಅವರ ಮುಖ ಅರಳಿತು. ಕಣ ಎಲ್ಲಿತ್ತು, ರಾಗಿ ಎಲ್ಲಿ ಒಕ್ಕುತ್ತಿದ್ದರು, ಬಾವಿ ಯಾವ ಕಟ್ಟಡದ ಕೆಳಗೆ ಹೋಯಿತು ಎಂದು ಬೆರಳಲ್ಲೇ ನಕ್ಷೆ ಬರೆದರು. ಅವರ ಜಮೀನು ಹೋಗಿದ್ದಕ್ಕೆ ಬಂದ ಪರಿಹಾರ ಎಷ್ಟೆಂದು ಮೇಷ್ಟ್ರು ಕೇಳಿದರು. ಅಜ್ಜಿ ಉತ್ತರ ಕೊಡದೆ ಸೊಪ್ಪಿಗೆ ಮರಳಿದರು. ನಾನು ಬೆಳೆದ ಮನೆಯ ಸೈಟೂ ಇಂಥ ಯಾರದೋ ರಾಗಿ ಹೊಲವೇ ಆಗಿತ್ತು. ಅಪ್ಪ ಕಂತು ಕಟ್ಟಿ ಕೊಂಡಾಗ ಆ ಹೊಲದವರು ಎಲ್ಲಿ ಹೋದರು ಎಂದು ನಮ್ಮ ಮನೆಯಲ್ಲಿ ಒಮ್ಮೆಯೂ ಮಾತು ಬಂದಿರಲಿಲ್ಲ.

ರಾಗಿಯ ಮಾತು ಬಂದಾಗ ಒಂಬತ್ತನೇ ಬ್ಲಾಕಿನ ರಾಗಿಗುಡ್ಡ ಹತ್ತಿರದಲ್ಲೇ ಇತ್ತು. 1969ರಲ್ಲಿ ಶುರುವಾದ ಪ್ರಸನ್ನ ಆಂಜನೇಯನ ಗುಡಿ ಈಗ ದೊಡ್ಡ ಕ್ಷೇತ್ರ. ನನಗೆ ಗುಡಿಗಿಂತ ಗುಡ್ಡದ ಕಥೆ ಇಷ್ಟ. ಇಲ್ಲಿನ ಸೊಸೆ ಸುಧರ್ಮೆ ಸುಗ್ಗಿಯ ರಾಗಿ ರಾಶಿಯಿಂದ ಬೇಡಿ ಬಂದವರಿಗೆ ನೀಡಲು ಹೋದಳಂತೆ. ಅತ್ತೆ ಸಿಡಿದಳು. ಆ ರಾಶಿ ಕಲ್ಲಾಯಿತು, ಗುಡ್ಡವಾಯಿತು. ಬಂದವರು ತ್ರಿಮೂರ್ತಿಗಳಾಗಿದ್ದರು, ಅವರೂ ಇಲ್ಲೇ ಶಿಲೆಯಾಗಿ ನಿಂತರು. ಕಾಫಿ ಶಾಪುಗಳ ನಡುವೆ ಈ ಪ್ರದೇಶ ಏನು ಬೆಳೆಯುತ್ತಿತ್ತು ಎಂಬ ದಾಖಲೆಯನ್ನು ಹೀಗೆ ಒಂದು ಹೆಸರು ಹೊತ್ತು ನಿಂತಿದೆ. 2025ರಿಂದ ಹಳದಿ ಮಾರ್ಗದ ನಿಲ್ದಾಣಕ್ಕೂ ಅದೇ ಹೆಸರು. ನಿಲ್ದಾಣಕ್ಕೆ ಹಳ್ಳಿಯ, ಗುಡ್ಡದ ಹೆಸರಿಡುವುದು ಸಣ್ಣ ಕೆಲಸದಂತೆ ಕಾಣುತ್ತದೆ. ದಿನಕ್ಕೆ ನೂರು ಬಾರಿ ಧ್ವನಿವರ್ಧಕದಲ್ಲಿ "ರಾಗಿಗುಡ್ಡ" ಎಂದು ಕೇಳಿಸಿದರೆ ಆ ಹೆಸರಿಗೆ ಇನ್ನೂ ನೂರು ವರ್ಷ ಆಯುಸ್ಸು.

ಅಲ್ಲಿಂದ ಜೆ.ಪಿ. ನಗರಕ್ಕೆ ಬಂದೆವು; ಅದು ಜಯಪ್ರಕಾಶ ನಾರಾಯಣರ ಹೆಸರಿನದು. ಅದರ ಎರಡನೇ ಹಂತದಲ್ಲಿ ರಂಗಶಂಕರವಿದೆ. 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮತ್ತು ಸಂಗಡಿಗರು ವರ್ಷಗಟ್ಟಲೆ ಓಡಾಡಿ 2004ರ ಅಕ್ಟೋಬರಿನಲ್ಲಿ ತೆರೆದ ರಂಗಮಂದಿರ. ನಾಟಕ ನೋಡಲು ಕಲಾಕ್ಷೇತ್ರದವರೆಗೆ ಹೋಗುತ್ತಿದ್ದ ದಕ್ಷಿಣದವರಿಗೆ ಮನೆಯ ಹತ್ತಿರವೇ ರಂಗ ಸಿಕ್ಕಿತು. ಬೆಂಗಳೂರಿಗೆ ಮೆಟ್ರೊ ಬೇಕು ಎಂದು ಶಂಕರ್ ಎಂಬತ್ತರ ದಶಕದಲ್ಲೇ ಹೇಳುತ್ತಿದ್ದರೆಂದು ಅವರನ್ನು ಬಲ್ಲವರು ನೆನೆಯುತ್ತಾರೆ. ಆಗ ಕನಸಿನ ಮಾತಾಗಿದ್ದ ರೈಲು ಈಗ ಈ ಬಡಾವಣೆಯ ಎರಡು ಬದಿಯಲ್ಲಿ ಓಡುತ್ತಿದೆ.

ಬಿಸಿಲು ಏರಿತ್ತು. ಆಟೊ ಹಿಡಿದು ಸಾರಕ್ಕಿ ಕೆರೆಗೆ ಹೋದೆವು. ಎಂಬತ್ತು ಎಕರೆಗೂ ಹೆಚ್ಚಿನ ಈ ಕೆರೆಯ ಅಂಗಳದಲ್ಲಿ ಮನೆ, ಗೋದಾಮು, ಅಪಾರ್ಟ್‌ಮೆಂಟುಗಳು ಎದ್ದಿದ್ದವು. 2015ರ ಏಪ್ರಿಲಿನಲ್ಲಿ ಜಿಲ್ಲಾಡಳಿತ ಒತ್ತುವರಿ ತೆರವು ಮಾಡಿತು. ಜೀವಮಾನದ ಉಳಿತಾಯ ಹಾಕಿ, ಕಾಗದಪತ್ರ ಸರಿಯಿದೆ ಎಂದು ನಂಬಿ ಮನೆ ಕೊಂಡವರು ರಸ್ತೆಯಲ್ಲಿ ಕೂತು ಅತ್ತ ದೃಶ್ಯವನ್ನು ನಾವೆಲ್ಲ ನೋಡಿದೆವು. ಕೆರೆ ಉಳಿಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಕೆರೆಯನ್ನು ಸೈಟೆಂದು ಮಾರಿದವರಿಗಿಂತ ಕೊಂಡವರೇ ಹೆಚ್ಚು ಕಳೆದುಕೊಂಡದ್ದನ್ನು ಮಾತ್ರ ಮರೆಯಲಾರೆ. ಇನ್ನೂ ದಕ್ಷಿಣಕ್ಕೆ ಪುಟ್ಟೇನಹಳ್ಳಿ ಕೆರೆಯದು ಬೇರೆ ಕಥೆ: ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಒಣಗಿದ ಕೆರೆಗೆ ನೀರು ತಂದರು, ಹಕ್ಕಿ ಲೆಕ್ಕ ಇಟ್ಟರು. ಸಾರಕ್ಕಿಯ ಏರಿಯ ಮೇಲೆ ನಿಂತಾಗ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. ಹುಡುಗಿಯರು ಮಾತು ನಿಲ್ಲಿಸಿದರು. ಇಡೀ ದಿನದಲ್ಲಿ ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲೇ.

ಜೆ.ಪಿ. ನಗರ ನಿಲ್ದಾಣದಿಂದ ಬನಶಂಕರಿಗೆ ಒಂದೇ ಸ್ಟಾಪು. ಕನಕಪುರ ರಸ್ತೆಯ ಬನಶಂಕರಿ ಗುಡಿಯನ್ನು 1915ರಲ್ಲಿ ಬಾದಾಮಿಯ ಬನಶಂಕರಿಯ ಭಕ್ತರೊಬ್ಬರು ಕಟ್ಟಿಸಿದರು. ಆಗ ಇದು ಊರಾಚೆಯ ಕಾಡುದಾರಿ, ಈಗ ಒಂದು ಮಹಾ ಬಡಾವಣೆಯೇ ದೇವಿಯ ಹೆಸರು ಹೊತ್ತಿದೆ. ಸಾಮಾನ್ಯವಾಗಿ ಜನ ಶುಭಕಾರ್ಯಕ್ಕೆ ಬಿಟ್ಟುಬಿಡುವ ರಾಹುಕಾಲವೇ ಇಲ್ಲಿ ಪೂಜೆಗೆ ಶ್ರೇಷ್ಠ. ನಿಂಬೆಹಣ್ಣು ಅರ್ಧ ಮಾಡಿ, ರಸ ಹಿಂಡಿ, ಸಿಪ್ಪೆ ತಿರುಗಿಸಿ ಬಟ್ಟಲು ಮಾಡಿ ಅದರಲ್ಲಿ ದೀಪ ಹಚ್ಚುತ್ತಾರೆ. ಗುಡಿಯ ಹೊಸ್ತಿಲಲ್ಲಿ ಕಲಬುರಗಿಯ ಹುಡುಗಿ ನಿಂತುಬಿಟ್ಟಳು. "ನಮ್ಮ ಮನಿದೇವ್ರು ಬನಶಂಕರಿ. ಬನದ ಹುಣ್ಣಿಮಿಗೆ ಸಣ್ಣಕ್ಕಿದ್ದಾಗ ಬಾದಾಮಿ ಜಾತ್ರಿಗೆ ಹೋಗ್ತಿದ್ವಿ. ದಿನಾ ಈ ಹೆಸರು ಬಸ್ಸಿನ ಮ್ಯಾಲ ಓದ್ತೀನಿ, ಅಕೀನೇ ಈಕಿ ಅಂತ ಹೊಳದೇ ಇಲ್ಲ ನೋಡ್ರಿ." ಎರಡು ವರ್ಷ ಅವಳಿಗೆ ಬನಶಂಕರಿ ಒಂದು ಬಸ್ ನಿಲ್ದಾಣವಾಗಿತ್ತು. ಅವಳು ದೀಪ ಹಚ್ಚಿ ಬರುವವರೆಗೆ ನಾವು ಹೊರಗೆ ಕಾದೆವು.

ಹೊರಗೆ ಕಾಯುವಾಗ ಮಗಳು ಆಡಿಸ್ ಅಬಾಬಾದ ಮಾತು ತೆಗೆದಳು. ಕೆಲಸದ ಮೇಲೆ ಅಲ್ಲಿಗೆ ಹೋಗಿ ಬಂದಿದ್ದಳು. ಇಥಿಯೋಪಿಯಾದ ಆ ರಾಜಧಾನಿ 1886ರಲ್ಲಿ ಹುಟ್ಟಿದ್ದು, ಹೆಸರಿನ ಅರ್ಥ "ಹೊಸ ಹೂವು". ನಮ್ಮ ಹಾಗೇ ಎತ್ತರದ, ತಂಪಿನ ಊರು. 2015ರಲ್ಲಿ ಅಲ್ಲಿ ನಗರದೊಳಗಿನ ರೈಲು ಬಂತು. 2024ರಲ್ಲಿ ರಸ್ತೆ ಅಗಲಿಸುವ ದೊಡ್ಡ ಯೋಜನೆಗಾಗಿ ಪಿಯಾಸಾ ಎಂಬ ಹಳೆಯ ಪೇಟೆಯ ಬಹುಭಾಗವನ್ನು ಕೆಡವಿದರು. ಅವಳನ್ನು ಸುತ್ತಾಡಿಸಿದ ಮಾರ್ಗದರ್ಶಿ ಹೊಸ ಸೌಧಗಳನ್ನು ಹೆಮ್ಮೆಯಿಂದ ತೋರಿಸಿ, ನಡುನಡುವೆ ಖಾಲಿ ಜಾಗಕ್ಕೆ ಕೈತೋರಿ ಇಲ್ಲಿ ಇಂಥ ಕಾಫಿ ಅಂಗಡಿಯಿತ್ತು, ಇಲ್ಲಿ ನಾನು ಶಾಲೆಗೆ ನಡೆಯುತ್ತಿ‌ದ್ದೆ ಎಂದು ಹೇಳುತ್ತಿದ್ದನಂತೆ. "ನೀನೂ ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದ್ದೀಯ ಅಪ್ಪ" ಎಂದಳು. ಹೌದು. ವೇಗವಾಗಿ ಬದಲಾಗುವ ಊರಿನಲ್ಲಿ ದಾರಿ ತೋರಿಸುವವನು ಕಾಣುವುದರ ಜತೆಗೆ ಕಾಣದ್ದನ್ನೂ ತೋರಿಸಬೇಕಾಗುತ್ತದೆ.

ಆರ್.ವಿ. ರಸ್ತೆ ನಿಲ್ದಾಣಕ್ಕೆ ಹಿಂದಿರುಗಿ ಹಳದಿ ಮಾರ್ಗ ಹಿಡಿದೆವು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಈ ಮಾರ್ಗ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, 16 ನಿಲ್ದಾಣ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದ ರಸ್ತೆ, ಅದರ ಮೇಲೆ 2024ರ ಜುಲೈನಲ್ಲಿ ತೆರೆದ ಮೇಲ್ಸೇತುವೆ, ಅದರ ಮೇಲೆ ರೈಲು. ಜಯದೇವ ಆಸ್ಪತ್ರೆಯ ಬಳಿ ಇದ್ದ ಹಳೆಯ ಮೇಲ್ಸೇತುವೆಯನ್ನು ಕಟ್ಟಿ ಎರಡು ದಶಕ ತುಂಬುವ ಮುನ್ನವೇ, 2020ರಲ್ಲಿ, ಇದಕ್ಕಾಗಿ ಕೆಡವಿದರು. ಎತ್ತರದಿಂದ ನೋಡಿದರೆ ಬಿಟಿಎಂ ಬಡಾವಣೆಯ ಸೂರುಗಳೆಲ್ಲ ಒಂದಕ್ಕೊಂದು ಅಂಟಿವೆ. ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ, ಮಹಡಿಯ ಮೇಲೆ ಫೋನಿನಲ್ಲಿ ಮಾತಾಡುತ್ತ ಓಡಾಡುವ ಹುಡುಗರು. ಬೀದರಿನಿಂದ ಚಾಮರಾಜನಗರದವರೆಗೆ, ಅದರಾಚೆಯ ರಾಜ್ಯಗಳಿಂದ ಕೆಲಸ ಹುಡುಕಿ ಬಂದವರ ಮೊದಲ ವಿಳಾಸ ಇದು. ಜೋಳದ ರೊಟ್ಟಿಯ ಖಾನಾವಳಿಗಳು ಇಲ್ಲಿಗೆ ಬಂದದ್ದು ಅವರ ಹಿಂದೆಯೇ.

ಬಿಟಿಎಂ ಎಂಬ ಮೂರಕ್ಷರ ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಸಂದ್ರ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ತಾವರೆಕೆರೆಯಲ್ಲಿ ಕೆರೆ ಹೆಸರಲ್ಲೇ ಇದೆ. ಮಡಿವಾಳರು ಆ ನೀರಿನಲ್ಲಿ ಬಟ್ಟೆ ಒಗೆದು ಬದುಕಿದವರು. ಮೂರೂ ನೀರಿನ ಹೆಸರುಗಳು. ಸಂಕ್ಷೇಪ ಮಾಡಿದಾಗ ಆ ನೀರು ಕಣ್ಣಿಗೆ ಕಾಣದಾಯಿತು. ಮಳೆ ಜೋರಾದ ದಿನ ಬಿಟಿಎಂನ ತಗ್ಗಿನ ರಸ್ತೆಗಳಲ್ಲಿ ಮೊಣಕಾಲುದ್ದ ನಿಲ್ಲುವುದು ಅದೇ ನೀರು, ತನ್ನ ಹಳೆಯ ವಿಳಾಸಕ್ಕೆ ಬಂದದ್ದು.

ಸಿಲ್ಕ್ ಬೋರ್ಡಿನಲ್ಲಿ ಇಳಿದು ಆಟೊದಲ್ಲಿ ಮಡಿವಾಳದ ಸೋಮೇಶ್ವರನ ಗುಡಿಗೆ ಹೋದೆವು. ಹೊಸೂರು ರಸ್ತೆಯ ಗದ್ದಲದಿಂದ ಹತ್ತು ಹೆಜ್ಜೆ ಒಳಗೆ ಹೋದಂತೆ ಸದ್ದು ತಗ್ಗುತ್ತದೆ. ಇಲ್ಲಿಗೆ ಬರುವ ಹೊತ್ತಿಗೆ ನಾವು ಲೆಕ್ಕದ ಪ್ರಕಾರ ಹೊಸ ಬೆಂಗಳೂರಿಗೆ ಬಂದಿರಬೇಕು. ಗೋಪುರ ದಾಟಿ, ಪ್ಲೇಗಿನ ಬಡಾವಣೆ ದಾಟಿ, 1948 ದಾಟಿ, ಬಿಡಿಎ ದಾಟಿ, ಮೆಟ್ರೊ ದಾಟಿ ಬಂದಾಗಿತ್ತು. ಹೊರಗೋಡೆಯ ಕಲ್ಲುಗಳ ಮೇಲಿನ ಅಕ್ಷರಗಳನ್ನು ತೋರಿಸಿ ಹೇಳಿದೆ: ಇವುಗಳಲ್ಲಿ ಒಂದು ಕ್ರಿ.ಶ. 1247ರದು. ತಮಿಳು ಮತ್ತು ಗ್ರಂಥ ಲಿಪಿ. ವೆಪ್ಪೂರಿನ, ಅಂದರೆ ಇಂದಿನ ಬೇಗೂರಿನ ಒಬ್ಬರು ಕೊಟ್ಟ ದಾನದಲ್ಲಿ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯ ಮಾತು ಬರುತ್ತದೆ. ಕೆಂಪೇಗೌಡರ ಪೇಟೆಗೆ ಇನ್ನೂ 290 ವರ್ಷವಿತ್ತು. ಇನ್ನೊಂದು ಶಾಸನದಲ್ಲಿ ತಾಮರೈಕ್ಕಿರೈ ಎಂಬ ಹೆಸರಿದೆ. ಅದು ಇವತ್ತಿನ ತಾವರೆಕೆರೆಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ.

ಹುಡುಗಿ ಗೋಡೆಗೆ ಹತ್ತಿರ ಬಗ್ಗಿದಳು. ಮುಟ್ಟಬೇಡ ಎಂದು ಮೇಷ್ಟ್ರು ಹೇಳುವ ಮೊದಲೇ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದಳು. ಅಕ್ಷರ ಓದಲು ನಮ್ಮಲ್ಲಿ ಯಾರಿಗೂ ಬಾರದು. ಆದರೂ ಬಹಳ ಹೊತ್ತು ನೋಡಿದಳು. ಆಮೇಲೆ ಮೊಬೈಲು ತೆಗೆದು ಊರಿಗೆ ಹಚ್ಚಿದಳು. "ಅವ್ವಾ, ನಾ ಇರೋ ಪಿ.ಜಿ. ಅದ ಅಲ್ಲ, ತಾವರೆಕೆರಿ, ಅದರ ಹೆಸರು ಎಂಟುನೂರು ವರ್ಷದ ಕಲ್ಲಿನ ಮ್ಯಾಲ ಅದಂತ." ಆ ಕಡೆಯಿಂದ ಏನು ಬಂತೋ, "ಇಲ್ಲ, ಊಟ ಇನ್ನೂ ಆಗಿಲ್ಲ" ಎಂದಳು.

ಇದಕ್ಕಿಂತ ಹಳೆಯದು ಬೇಗೂರಿನಲ್ಲಿದೆ ಎಂದೆ. ಪಂಚಲಿಂಗ ನಾಗೇಶ್ವರ ಗುಡಿಯ ಆವರಣದ ವೀರಗಲ್ಲು, ಗಂಗರ ಕಾಲದ್ದು, ಸುಮಾರು ಕ್ರಿ.ಶ. 890. ಅದರಲ್ಲಿ ಬೆಂಗಳೂರು ಕಾಳಗದಲ್ಲಿ ಒಬ್ಬ ಸತ್ತನೆಂದು ಹಳಗನ್ನಡದಲ್ಲಿ ಬರೆದಿದೆ. ಬೆಂದಕಾಳು ತಿಂದ ರಾಜನ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದವರು; ಆ ರಾಜ ಬರುವುದಕ್ಕೂ ಮೊದಲೇ ಊರಿಗೆ ಈ ಹೆಸರಿತ್ತೆಂದು ಹೇಳುವ ಕಲ್ಲು ಅದು. ದಕ್ಷಿಣದ ಅಂಚಿನ ಆ ಊರಿನ ಸುತ್ತ ಇವತ್ತು ಹೊಸ ಅಪಾರ್ಟ್‌ಮೆಂಟುಗಳು ಏಳುತ್ತಿವೆ.

"ಎಷ್ಟು ದೂರರೀ?"

ಮಡಿವಾಳದಿಂದ ಏಳೆಂಟು ಕಿಲೋಮೀಟರು ಇರಬಹುದು ಎಂದೆ. ಮೇಷ್ಟ್ರು ಗಡಿಯಾರ ನೋಡಿಕೊಂಡರು, ಎರಡು ಗಂಟೆ. ಎದುರಿನ ಹೋಟೆಲಿನಲ್ಲಿ ಊಟ ಮುಗಿಸಿ, ಆರೂ ಜನ ಬೇಗೂರಿನ ಬಸ್ಸಿಗೆ ಕಾಯುತ್ತ ಹೊಸೂರು ರಸ್ತೆಯ ಬದಿಯಲ್ಲಿ ನಿಂತೆವು.